ಉಡಿಗೆ ಎಷ್ಟು ಸೇರು?

ಹೋದ ತಿಂಗಳು ಮೊಮ್ಮಗಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಕಡಗಂಚಿಗೆ ಹೋಗಿದ್ದಳು. ಅವಳು ಕೃಷಿ ಓದಿದವಳು, ದೊಡ್ಡ ಕೆಲಸದಲ್ಲಿದ್ದಾಳೆ. ಅಲ್ಲೊಂದು ಸಭೆ ಇತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನವರು ಕೂಡಿ ಬೀಜ, ಬೆಳೆ, ಊಟದ ವಿಷಯಕ್ಕೆ ಒಂದೇ ನೀತಿ ಮಾಡಿಕೊಳ್ಳಬೇಕು ಎಂದು ಸಭೆ. ಬಾಗಿಲಲ್ಲಿ ಒಂದು ಮೇಜಿನ ಮೇಲೆ ಹಳೇ ಕಾಲದ ಸಾಮಾನು ಜೋಡಿಸಿದ್ದರು. ಅದರಲ್ಲೊಂದು ಬುಟ್ಟಿ, ಬುಟ್ಟಿಯಲ್ಲಿ ಹಗೇವಿನಿಂದ ತೆಗೆದ ಜೋಳ. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ, ಈಗಿನವರು ನೋಡಿರಲಿಕ್ಕಿಲ್ಲ. ನಾನು ಬಗ್ಗಿ ಮೂಸಿದೆ. ಹಸಿಮಣ್ಣು, ಹಳೇ ಹುಲ್ಲು, ಸ್ವಲ್ಪ ಹುಳಿ ಹುಳಿ ವಾಸನೆ. ಕಣ್ಣಲ್ಲಿ ನೀರು ಬಂತು. ಮೊಮ್ಮಗಳು ಧೂಳಿರಬೇಕು ಎಂದುಕೊಂಡಳು.

ವೇದಿಕೆ ಮೇಲೆ ಒಬ್ಬ ಮಹಾಶಯರು ಮಾತಾಡಿದರು. ಈ ಮೂರು ತಾಲೂಕಿನವರು ಬೀಜದ ಸಲುವಾಗಿ ಒಂದೆಡೆ ಕೂತದ್ದು ಇದೇ ಮೊದಲು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ. ಮೊಮ್ಮಗಳು ಅಂಗಿ ಹಿಡಿದು ಎಳೆದಳು. "ಅಜ್ಜಾ, ಕುಂದ್ರು. ಊಟದಾಗ ಹೋಳಗಿ ಅದಾವಂತ." ಹೋಳಿಗೆ ಎಂದ ಮೇಲೆ ಕೂತೆ. ಆದರೆ ಮೊದಲನೇ ಸಲ ಮೂರೂ ತಾಲೂಕಿನವರು ಕೂತಾಗ ಅದರ ಕಾಗದ ಬರೆದವನು ನಾನು. ನಾನಿನ್ನೂ ಬದುಕಿರುವಾಗಲೇ ಹೀಗೆ ಹೇಳಿದರೆ ಹೇಗೆ? ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅದು ನಲವತ್ತೇಳನೇ ಇಸವಿ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತಂತೆ. ನಮ್ಮದು ನಿಜಾಮರ ಸೀಮೆ. ನಮ್ಮಲ್ಲಿಗೆ ಬಂದದ್ದು ಮಳೆ ಒಂದೇ, ಅದೂ ಬೇಕಾದ್ದಕ್ಕಿಂತ ಹೆಚ್ಚು. ಊರೂರಲ್ಲಿ ಬೇರೆ ಗದ್ದಲಗಳೂ ಎದ್ದಿದ್ದವು. ಅವನ್ನು ಬರೆದವರು ಬೇರೆ ಇದ್ದಾರೆ, ನನ್ನದು ಜೋಳದ ಕತೆ. ಆಗ ಒಂದು ಹುಕುಂ ಇತ್ತು. ಒಂದು ತಾಲೂಕಿನ ಕಾಳು ಪರವಾನಗಿ ಇಲ್ಲದೆ ಇನ್ನೊಂದು ತಾಲೂಕಿಗೆ ದಾಟಕೂಡದು. ಇದನ್ನು ನೋಡಿಕೊಳ್ಳಲು ತಾಲೂಕಿಗೊಬ್ಬ ಅಧಿಕಾರಿ. ಕಾಗದದ ಮೇಲೆ ಅವರ ಹುದ್ದೆಗೆ ಅರ್ಧ ಸಾಲಿನಷ್ಟು ಉದ್ದದ ಉರ್ದು ಹೆಸರಿತ್ತು. ಜನ ಕರೆಯುತ್ತಿದ್ದದ್ದು ಜೋಳದ ಸಾಹೇಬ ಎಂದು.

ನನಗೆ ಆಗ ಇಪ್ಪತ್ತೊಂದು ವರ್ಷ. ಉರ್ದು ಓದಿದ್ದೆ, ಆ ಸೊಕ್ಕೂ ಇತ್ತು. ಜೇವರ್ಗಿಯ ಜೋಳದ ಸಾಹೇಬರು ನನ್ನನ್ನು ಭೀಮಾ ಹೊಳೆಯ ದಂಡೆಯಲ್ಲಿ ಕಾಳು ತಡೆದು ನೋಡುವ ನಾಕಾಕ್ಕೆ ಗುಮಾಸ್ತನನ್ನಾಗಿ ಹಾಕಿದರು. ಈ ದಂಡೆ ಜೇವರ್ಗಿ ತಾಲೂಕು, ಆ ದಂಡೆ ಅಫಜಲಪುರ ತಾಲೂಕು. ನಡುವೆ ಸಾಯಬಣ್ಣ ಎಂಬ ಅಂಬಿಗನ ಹರಿಗೋಲು. ನನ್ನ ಕಡೆ ಒಂದು ಗುಡಿಸಲು, ಒಂದು ಮೇಜು, ದಪ್ಪ ರಿಜಿಸ್ಟರು, ತಕ್ಕಡಿ, ಮಕ್ತುಂಸಾಬ ಎಂಬ ಜವಾನ. ಕೈಗೆ ತಕ್ಕಡಿ ಬಂದದ್ದೇ ತಡ, ನನಗೆ ಕಂಡದ್ದನ್ನೆಲ್ಲ ತೂಗುವ ಹುಚ್ಚು ಹಿಡಿಯಿತು. ಒಂದು ದಿನ ಮಕ್ತುಂಸಾಬನ ಬುತ್ತಿಯನ್ನೂ ತೂಗಿದೆ. ಪಾಪ, ಆತ ರೊಟ್ಟಿ ತಿನ್ನುವವರೆಗೂ ನನ್ನ ಮುಖ ನೋಡಲಿಲ್ಲ.

ನಮ್ಮೂರು ಕಡಗಂಚಿ, ಆಳಂದ ತಾಲೂಕು. ಅಪ್ಪ ಅವ್ವ ಅಲ್ಲಿದ್ದರು. ಅಕ್ಕ ಗೌರಬಾಯಿಯನ್ನು ಜೇವರ್ಗಿ ತಾಲೂಕಿನ ಕೊಳಕೂರಕ್ಕೆ ಕೊಟ್ಟಿತ್ತು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು. ಒಂಬತ್ತು ವರ್ಷದ ಹಿಂದೆ ಭಾವ ಹಾವು ಕಡಿದು ತೀರಿಕೊಂಡಿದ್ದರು. ಮಕ್ಕಳಿಲ್ಲ. ನಾಲ್ಕೆಕರೆ ಕರಿ ಹೊಲ, ಅದನ್ನು ಆಳಿಟ್ಟುಕೊಂಡು ತಾನೇ ಮಾಡಿಸುತ್ತಿದ್ದಳು. ಒಂಬತ್ತು ವರ್ಷ ಒಂದು ಹಿಂಗಾರಿಯನ್ನೂ ತಪ್ಪಿಸಿರಲಿಲ್ಲ. ಪಕ್ಕದ ಹೊಲ ಮೈದುನ ಮಲ್ಲಪ್ಪನದು. ಮಲ್ಲಪ್ಪ ಬಹಳ ಸಿಹಿ ಮಾತಿನ ಮನುಷ್ಯ, ಅಕ್ಕನಿಗೆ ಅವನ ಭಯ ಇದ್ದದ್ದೂ ಅದಕ್ಕೇ.

ಆ ವರ್ಷದ ಮಳೆಗೆ ಕೊಳಕೂರದ ತಗ್ಗಿನ ಓಣಿಯ ಹಗೇವುಗಳಿಗೆಲ್ಲ ನೀರು ಇಳಿಯಿತು. ಅಕ್ಕ ತನ್ನ ಹಗೇವಿನ ಬಾಯಿ ತೆಗೆಸಿದಾಗ ಬೀಜದ ಜೋಳ ಕರ್ರಗಾಗಿ ಮುದ್ದೆ ಕಟ್ಟಿತ್ತು. ಎಮ್ಮೆಗೆ ಹಾಕಿದರೆ ಅದು ಮೂಸಿ ನೋಡಿ ಹಿಂದೆ ಸರಿಯಿತಂತೆ. ಮರುದಿನ ಬೆಳಿಗ್ಗೆ ಅಕ್ಕ ನಾಕಾಕ್ಕೆ ಬಂದಳು.

"ಬಸ್ಯಾ, ಮನ್ಯಾಗ ಬಿತ್ತಾಕ ಒಂದು ಕಾಳಿಲ್ಲ. ಹಸ್ತಿ ಮಳಿ ಮುಗಿಯೂದ್ರಾಗ ಬಿತ್ತಬೇಕು. ಅಪ್ಪನ ಹಗೇದಾಗ ಚಲೋ ಬೀಜ ಅದ, ತರಿಸಿ ಕೊಡು."

"ಪರವಾನಗಿ ಬೇಕಕ್ಕಾ."

"ನಾಕಾದಾಗ ನೀನೇ ಕುಂತಿಯಲ್ಲೋ!"

"ನಾನೇ ಕುಂತೇನಿ ಅಂತನೇ ಬೇಕು."

ಅಕ್ಕ ನನ್ನ ರುಮಾಲನ್ನೊಮ್ಮೆ, ತಕ್ಕಡಿಯನ್ನೊಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ಮಲ್ಲಪ್ಪ ಬಂದಿದ್ದ. ಆವನ ಹಗೇವು ದಿಬ್ಬದ ಮ್ಯಾಲದ, ಏನೂ ಆಗಿಲ್ಲ. ಬೀಜ ಕೊಡಪಾ, ಸುಗ್ಯಾಗ ತಿರುಗಿ ಕೊಡ್ತೇನಿ ಅಂದೆ. 'ಕೊಡೂದ್ಯಾಕ ವೈನಿ, ನಾನೇ ಬಿತ್ತತೇನಿ, ನೀವು ಮನ್ಯಾಗ ಆರಾಮ ಕುಂದರ್ರಿ' ಅಂದ. ಒಮ್ಮಿ ಆವನ ಬೀಜ ಬಿತ್ತಂದ್ರ ಹೊಲ ಆವಂದಾಗ್ತದ. ನಾ ಅವರ ಮನ್ಯಾಗ ರೊಟ್ಟಿ ಬಡಕೋತ ಕುಂದ್ರಾಕಿ. ತಿಳೀತಿಲ್ಲೋ?"

ತಿಳಿಯಿತು. ಅವತ್ತೇ ಸಾಹೇಬರ ಹತ್ತಿರ ಓಡಿದೆ.

ನಮ್ಮ ಸಾಹೇಬರು ಹೈದರಾಬಾದಿನವರು. ತೆಳ್ಳಗಿನ ಆಸಾಮಿ, ಮನಸ್ಸು ಒಳ್ಳೆಯದು, ನಮ್ಮ ಕಡೆಯ ಕೆಂಪು ಖಾರ ಕಂಡರೆ ಮಾತ್ರ ನಡುಗುತ್ತಿದ್ದರು. ಕೊಳಕೂರದ ಸಂಕಟ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ಬಹುತ್ ಅಚ್ಛಾ ಖಯಾಲ್ ಹೈ ಬಸಪ್ಪ! ಒಂದು ಹಳ್ಳಿಗೆ ಯಾಕೆ? ಮೂರೂ ತಾಲೂಕಿಗೆ ಮಾಡೋಣ. ಆಳಂದದ ಜೋಳ ಇಲ್ಲಿಗೆ ಬರಲಿ, ನಮ್ಮ ಕಡಲೆ ಅಲ್ಲಿಗೆ ಹೋಗಲಿ. ಅಫಜಲಪುರ ದಾರಿ ಕೊಡಲಿ. ಇಡೀ ಖೇತಿಬಾಡಿ, ಇಡೀ ಬೇಸಾಯ ಬದಲಾಗಬೇಕು!" ನಾನು ಕೇಳಿದ್ದು ನಾಲ್ಕೆಕರೆಗೆ ಬೀಜ. ಸಾಹೇಬರು ಕೊಡಲು ಹೊರಟದ್ದು ಒಂದು ಹೊಸ ಯುಗ.

ಒಪ್ಪಂದದ ಕರಡು ತಯಾರಾಯಿತು. ಹನ್ನೆರಡು ಕಲಮು. ಅದನ್ನು ಉರ್ದುವಿನಿಂದ ಕನ್ನಡಕ್ಕೆ ಮಾಡಿದವನು ನಾನೇ, ಖರೇ ಹೇಳುತ್ತೇನೆ, ಅಷ್ಟು ಚಂದದ ಕನ್ನಡ ಬರೆದದ್ದು ಅದೇ ಮೊದಲು, ಅದೇ ಕೊನೆ. ಆಳಂದಕ್ಕೆ ಕಳಿಸಿದೆವು. ಆಳಂದದ ಸಾಹೇಬರು ಒಪ್ಪಿದರು, ಆದರೆ ಬದಲಿಗೆ ಬರುವ ಕಡಲೆ ದಪ್ಪದ್ದೋ ಸಣ್ಣದೋ ಎಂದು ಕೇಳಿದರು. ಅಫಜಲಪುರದ ಸಾಹೇಬರೂ ಒಪ್ಪಿದರು, ಆದರೆ ಬೀಜದ ಬಂಡಿಗಳು ತಮ್ಮ ತಾಲೂಕಿನಲ್ಲಿ ಹಾಯುವಾಗ ಎತ್ತುಗಳಿಗೆ ನೀರು ಯಾವ ಬಾವಿಯದು ಎಂದು ಕೇಳಿದರು. ನಾವು ಬಾವಿ ಹೆಸರಿಸಿದೆವು. ಆ ಬಾವಿಯಲ್ಲಿ ನೀರು ಉಪ್ಪು ಎಂದು ತಿರುಗಿ ಕಾಗದ ಬಂತು. ಏಳನೇ ಕಲಮು ಪೂರ್ತಿ ಎತ್ತು ನೀರು ಕುಡಿಯುವುದರ ಬಗ್ಗೆಯೇ ಆಯಿತು. ಅಷ್ಟರಲ್ಲಿ ಉತ್ತರಿ ಮಳೆ ಮುಗಿಯಿತು, ಹಸ್ತಿ ಹತ್ತಿತು. ಅಕ್ಕ ದಿನಾ ಬಂದು ಕೇಳುವಳು, "ಎಲ್ಲಿಗೆ ಬಂತೋ?" ನಾನು ಹೇಳುವೆ, "ಏಳನೇ ಕಲಮಿಗೆ ಬಂದದಕ್ಕಾ."

ಹೀಗಿರುವಾಗ ಮಗಳನ್ನು ನೋಡಲು ಅವ್ವ ಹೊರಟು ಬಂದಳು. ಬರುವ ದಾರಿಯಲ್ಲಿ ಅಫಜಲಪುರದ ಹತ್ತಿರ ಅವಳ ತವರಿನವರ ಮನೆ. ಅಲ್ಲಿ ರಾತ್ರಿ ಉಳಿದು ಹೊರಡುವಾಗ ಅವರು ಅವ್ವನಿಗೆ ಉಡಿ ತುಂಬಿದ್ದರು. ನಮ್ಮ ಕಡೆ ಅಕ್ಕಿ ಹಬ್ಬಕ್ಕೂ ಸಿಗದ ಕಾಲ, ಉಡಿಗೆ ಜೋಳವೇ. ಸೆರಗಿನ ತುಂಬ ಜೋಳ, ಮೇಲೊಂದು ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಕುಬಸದ ಕಣ. ಅವ್ವ ಅದನ್ನು ಟೊಂಕಕ್ಕೆ ಸಿಕ್ಕಿಸಿ ಹರಿಗೋಲಿನಿಂದ ಇಳಿದಳು. ದಂಡೆಯ ಮೇಲೆ ಹತ್ತು ಮಂದಿ ನಿಂತಿದ್ದರು. ತನ್ನ ತಾಯಿ ಎಂದು ಬಿಟ್ಟ ಎನ್ನಿಸಿಕೊಳ್ಳಬಾರದು ಎಂದು ನನ್ನ ತಲೆಯಲ್ಲಿ ಹೊಕ್ಕಿತು. ಎಲ್ಲರಿಗೂ ಕೇಳುವಂತೆ ಅಂದೆ, "ಅವ್ವಾ, ಕಾಳು ತಕ್ಕಡ್ಯಾಗ ಸುರುವು."

ಮಕ್ತುಂಸಾಬ ಗಾಬರಿಯಾಗಿ ನನ್ನ ತೋಳು ಚಿವುಟಿದ. ತಡವಾಗಿತ್ತು.

"ಏನಂದ್ಯೋ?" ಎಂದಳು ಅವ್ವ. "ಇನ್ನೊಮ್ಮಿ ಅನ್ನು."

ನಾನು ತಕ್ಕಡಿಯ ಕಡೆ ಬೆರಳು ತೋರಿಸಿದೆ.

"ತುಂಬಿದ ಉಡಿ ಸುರುವಂತಿ? ನಿಮ್ಮಪ್ಪ ಇನ್ನಾ ಗಟ್ಟಿಮುಟ್ಟ ಅದಾನಲೇ, ಮೂಳಾ! ನಾ ಸುರುವಿ, ಮನಿಗೆ ಹೋಗೂದ್ರಾಗ ಆವಗೇನರೆ ಆದ್ರ ನಿಮ್ಮ ಸರಕಾರ ಹುಟ್ಟಿಸಿ ಕೊಡ್ತದೇನು?"

ಅಷ್ಟು ಹೇಳಿ ಅಲ್ಲೇ ತಕ್ಕಡಿಯ ಪಕ್ಕ ನೆಲದ ಮೇಲೆ ಕೂತಳು. ಏಳಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. ಕಾಲು ಹಿಡಿದುಕೊಂಡೆ, "ನೀ ಯಾರೋ ನನಗ ಗೊತ್ತಿಲ್ರಿ ಗುಮಾಸ್ತರೇ" ಎಂದಳು. ಸುದ್ದಿ ಕೊಳಕೂರಕ್ಕೆ ಮುಟ್ಟಿತು, ಹೆಂಗಸರು ಬಂದು ಅವ್ವನ ಸುತ್ತ ಕೂತರು. ಮಧ್ಯಾಹ್ನಕ್ಕೆ ಸಾಹೇಬರೇ ಕುದುರೆ ಏರಿ ಬಂದರು.

ಸಾಹೇಬರು ಎಲ್ಲ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬೇವಕೂಫ್! ನಮ್ಮ ಮನೆಗಳಲ್ಲೂ ಗೋದ್ ತುಂಬ್ತಾರೆ. ತಾಯಿಯ ಮಡಿಲಿಗೆ ತಕ್ಕಡಿ ಹಿಡೀತಾರಾ?" ಎಂದರು. ಅವ್ವನಿಗೆ ಕೈಮುಗಿದರು. ನಿಂತ ನಿಲುವಿನಲ್ಲೇ ಒಂದು ಹುಕುಂ ಹೇಳಿ ಬರೆಸಿದರು. ಹೆಂಗಸರ ಉಡಿಯನ್ನು ಯಾವ ನಾಕಾದಲ್ಲೂ ತೂಗಬಾರದು, ಬಿಚ್ಚಬಾರದು, ಎಷ್ಟೆಂದು ಕೇಳಬಾರದು. ಕನ್ನಡದಲ್ಲಿ ಬರೆಯುವಾಗ 'ಹೆಂಗಸರ' ಎಂಬುದು ನನಗೆ ಸಪ್ಪೆ ಎನಿಸಿತು. ಗೌರವ ಇರಲಿ ಎಂದು 'ಮುತ್ತೈದೆಯರ' ಎಂದು ಬರೆದೆ. ಹುಕುಂ ಆಳಂದಕ್ಕೂ ಅಫಜಲಪುರಕ್ಕೂ ಹೋಯಿತು. ಅಲ್ಲಿನ ಸಾಹೇಬರಿಗೂ ತಾಯಂದಿರಿದ್ದರು. ಮರುದಿನವೇ ರುಜು ಹಾಕಿ ಕಳಿಸಿದರು.

ಆಮೇಲೆ ನೋಡಿ ಚಂದ. ಕೊಳಕೂರದ ಹೆಂಗಸರಿಗೆಲ್ಲ ಒಟ್ಟಿಗೇ ತವರು ನೆನಪಾಯಿತು. ಅತ್ತೆಯಂದಿರು ತಾವಾಗಿಯೇ ಸೊಸೆಯರನ್ನು ತವರಿಗೆ ಕಳಿಸಿದರು. ಇಂಥದ್ದು ಆ ಊರಿನಲ್ಲಿ ಹಿಂದೆ ಆಗಿರಲಿಲ್ಲ. ತಾವೂ ಹೊರಟರು. ತವರಿನಲ್ಲಿ ಯಾರೂ ಉಳಿಯದ ಮುದುಕಿಯರಿಗೂ ಆಳಂದ ಕಡೆ ಯಾವುದೋ ದೂರದ ಕಾಕಾ ಹುಟ್ಟಿಕೊಂಡ. ಹೋಗುವಾಗ ತೆಳ್ಳಗೆ ಹೋದವರು ಬರುವಾಗ ಎಂಟು ತಿಂಗಳ ಬಸುರಿಯರಂತೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಬಂದರು. ಮಕ್ತುಂಸಾಬ ಒಬ್ಬೊಬ್ಬರಿಗೂ ಎದ್ದು ಸಲಾಂ ಹೊಡೆದ. ನಾನು ರಿಜಿಸ್ಟರಿನಲ್ಲಿ 'ಉಡಿ' ಎಂದಷ್ಟೇ ಬರೆದು ಮೋಡ ನೋಡುತ್ತ ಕೂತೆ. ಕಡಗಂಚಿಯಲ್ಲಿ ಅಪ್ಪ ಹಗೇವಿನೊಳಗೆ ಇಳಿದು ಬುಟ್ಟಿ ಬುಟ್ಟಿ ಎತ್ತಿ ಕೊಟ್ಟನಂತೆ, ಊರಿಗೆ ತಿರುಗಿ ಹೋದ ಅವ್ವ ಹಗೇವಿನ ಬಾಯಿಯ ಹತ್ತಿರ ನಿಂತು ತುಂಬಿದಳಂತೆ.

ಬೀಜ ದಾಟಿತು. ಅಕ್ಕನಿಗೆ ಮಾತ್ರ ದಾಟಲಿಲ್ಲ. ಗಂಡ ಸತ್ತವಳಿಗೆ ಉಡಿ ತುಂಬುವ ಪದ್ಧತಿ ಇಲ್ಲ. ಭಾವ ಸತ್ತ ಮೇಲೆ ಅವಳ ಉಡಿಗೆ ಒಂದು ಕಾಳು ಬಿದ್ದಿರಲಿಲ್ಲ. ಓಣಿಯವರು ತಮ್ಮದರಲ್ಲಿ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಉಡಿಯ ಕಾಳು ಬೇರೆ ಮನೆಗೆ ಹೋಗಬಾರದು, ಅದೂ ಪದ್ಧತಿ. ಒಬ್ಬಿಬ್ಬರು ಆದದ್ದಾಗಲಿ ಎಂದು ಕೊಡಲು ಬಂದರು, ಅಕ್ಕನೇ ಬೇಡವೆಂದಳು. ನಾಳೆ ಅವರ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ತನ್ನ ಮೇಲೆ ಬರುತ್ತದೆ ಎಂದು ಅಂಜಿದಳು. ದಿನಾ ನಾಕಾಕ್ಕೆ ಬರುವುದನ್ನು ಮಾತ್ರ ಬಿಡಲಿಲ್ಲ. ಜಾಲಿ ಗಿಡದ ಕೆಳಗೆ ಕೂತು ಒಬ್ಬೊಬ್ಬರೇ ತುಂಬಿಕೊಂಡು ಇಳಿಯುವುದನ್ನು ನೋಡುವಳು. ಒಂದು ದಿನ ಕೇಳಿದಳು, "ಬಸ್ಯಾ, ಹುಕುಂದಾಗ ಏನಂತ ಬರದಾರೋ?" ನಾನು ಓದಿ ಹೇಳಿದೆ. 'ಮುತ್ತೈದೆಯರ' ಎನ್ನುವಲ್ಲಿ ನನ್ನ ನಾಲಗೆ ತೊದಲಿತು. ಅಕ್ಕ ಸೆರಗು ಕೊಡವಿ ಎದ್ದು ಹೋದಳು. ಅವತ್ತು ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ.

ಕೆಲಸ ಕೆಡಿಸಿದವನು ಸಾಯಬಣ್ಣ. ಅವನಿಗೆ ಯಾರ ಮೇಲೂ ದ್ವೇಷ ಇರಲಿಲ್ಲ, ಹರಿಗೋಲಿನ ಚಿಂತೆ ಅಷ್ಟೆ. ನಮ್ಮ ಸಾಹೇಬರು ಹಾಯುವಾಗ ಅವರೆದುರು ಗೋಳಾಡಿದ. "ಸಾಹೇಬ್ರೇ, ಹೋಗುವಾಗ ಹನ್ನೆರಡು ಮಂದಿ ಕುಂತ್ರೂ ತೇಲ್ತದ್ರಿ. ಬರುವಾಗ ಐದು ಮಂದಿಗೇ ನೀರು ಕುಡೀತದ. ತವರ ಮನ್ಯಾಗ ಅದೇನು ಉಣಸ್ತಾರೋ ಏನೋ!" ಮಾತು ಆ ದಂಡೆಗೂ ಹೋಯಿತು. ಉಡಿ ಎಂದರೆ ಎಷ್ಟು ಸೇರು ಎಂಬುದನ್ನು ಗೊತ್ತು ಮಾಡಲೇಬೇಕು ಎಂದು ಅಫಜಲಪುರದ ಸಾಹೇಬರು ಪಟ್ಟು ಹಿಡಿದರು. ಹೀಗೆ ಮೂರೂ ತಾಲೂಕಿನ ಸಾಹೇಬರು ಬೀಜದ ಸಲುವಾಗಿ ಮೊದಲ ಬಾರಿ ಒಂದೆಡೆ ಕೂಡಿದರು. ಕೂಡಿದ್ದು ಅಫಜಲಪುರದ ದಂಡೆಯ ಮೇಲೆ, ಬೇವಿನ ಗಿಡದ ಕೆಳಗೆ. ಹರಿಗೋಲಿನ ಸುದ್ದಿ ಕೇಳಿದ ಮೇಲೆ ಅಲ್ಲಿನ ಸಾಹೇಬರು ಹೊಳೆ ದಾಟಲು ಒಪ್ಪಲಿಲ್ಲ.

ಅಳತೆ ಗೊತ್ತಾಗಬೇಕಾದರೆ ಯಾರಾದರೂ ತುಂಬಿ ತೋರಿಸಬೇಕಲ್ಲ. ನಮ್ಮ ಸಾಹೇಬರು, "ಇವನ ತಾಯಿಯನ್ನೇ ಕರೆಸಿ, ಬಲ್ಲವರು" ಎಂದರು. ತೋರಿಸಲು ಒಂದು ಚೀಲ ಜೋಳಕ್ಕೆ ಪರವಾನಗಿ ಹೊರಟಿತು. ಬಿತ್ತಲು ಒಂದು ಹಿಡಿ ಕೇಳಿದಾಗ ಹನ್ನೆರಡು ಕಲಮು ಬೇಕಾಗಿದ್ದವು. ತೋರಿಸಲು ಎಂದದ್ದಕ್ಕೆ ಒಂದೇ ದಿನದಲ್ಲಿ ಮೂರು ಮೊಹರು ಬಿದ್ದವು. ಅವ್ವ ಅಪ್ಪನ ಬಂಡಿಯಲ್ಲಿ ಚೀಲದ ಮೇಲೆ ಕೂತು ಬಂದಳು. ಕೊಳಕೂರದ ಅರ್ಧ ಊರು ನೋಡಲು ಹೊಳೆ ದಾಟಿತು. ಮಲ್ಲಪ್ಪನೂ ಬಂದ, ಅಕ್ಕನೂ ಬಂದಳು. ಅಕ್ಕ ಎಲ್ಲರ ಹಿಂದೆ ನಿಂತಳು.

ಮೇಜಿನ ಮೇಲೆ ಸೇರು, ಪಾವು, ತಕ್ಕಡಿ. ನಾನು ಲೇಖಣಿ ಹಿಡಿದು ಕೂತೆ. ಆಳಂದದ ಸಾಹೇಬರು ಕೇಳಿದರು, "ಅಮ್ಮಾ, ಯಾರಿಗೆ ತುಂಬ್ತೀರಿ?"

ಅವ್ವ ಮಂದಿಯನ್ನೆಲ್ಲ ನೋಡುತ್ತ ಹೋದಳು. ನೋಡುತ್ತ ನೋಡುತ್ತ ಹಿಂದೆ ನಿಂತವಳ ಮೇಲೆ ಕಣ್ಣು ನಿಂತಿತು. ಬಹಳ ಹೊತ್ತು ನಿಂತಿತು. ಅವ್ವ ನನಗಿಂತ ಹೆಚ್ಚು ಪದ್ಧತಿಯವಳು, ಒಂಬತ್ತು ವರ್ಷ ಈ ಮಗಳನ್ನು ಬರಿಗೈಯಲ್ಲೇ ಕಳಿಸಿದವಳು. ಆಮೇಲೆ ಬಗ್ಗಿ ಚೀಲದ ಬಾಯಿ ಬಿಚ್ಚಿದಳು.

"ಗೌರಿ, ಮುಂದ ಬಾ."

ಅಕ್ಕ ಅಲುಗಲಿಲ್ಲ. ಹೆಂಗಸರಲ್ಲಿ ಗುಸುಗುಸು ಎದ್ದಿತು. ಮಲ್ಲಪ್ಪ ಬಹಳ ವಿನಯದಿಂದ ಮುಂದೆ ಬಂದ. "ಅತ್ತೀ, ತಪ್ಪು ತಿಳೀಬ್ಯಾಡ್ರಿ. ವೈನಿಗೆ ಹೆಂಗ ತುಂಬ್ತೀರಿ? ಅಣ್ಣ ಇಲ್ಲ."

"ಉಡಿ ಗಂಡ ತುಂಬೂದಲ್ಲಪಾ ಮಲ್ಲಪ್ಪ. ತವರ ತುಂಬೂದು. ಆಕಿ ತವರ ಇನ್ನಾ ಸತ್ತಿಲ್ಲ."

ಮಲ್ಲಪ್ಪ ಅವ್ವನನ್ನು ಬಿಟ್ಟು ಸಾಹೇಬರ ಕಡೆ ತಿರುಗಿದ. "ಸಾಹೇಬ್ರೇ, ನಾ ಅನ್ನೂದಲ್ರಿ, ನಿಮ್ಮ ಹುಕುಂದಾಗೇ ಮುತ್ತೈದಿ ಅಂತ ಅದ. ಇದು ನಡದ್ರ ಹುಕುಂ ಮುರದಂಗ ಆಗ್ತದ್ರಿ." ಮೂವರು ಸಾಹೇಬರೂ ಕಾಗದದ ಮೇಲೆ ಬಗ್ಗಿದರು. ನಮ್ಮ ಸಾಹೇಬರು ಕನ್ನಡ ಓದಲು ಬಾರದೆ ನನ್ನ ಮುಖ ನೋಡಿದರು.

ನಾನು ಎದ್ದೆ. ಸರಕಾರಿ ಹುಕುಮಿನಲ್ಲಿ ಸ್ವಂತ ಮಾತು ಸೇರಿಸಿದ ಗುಮಾಸ್ತನಿಗೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಸಾಹೇಬ್ರೇ, ನೀವು ಹೇಳಿದ್ದು ಹೆಂಗಸರ ಉಡಿ ಅಂತ. ಮುತ್ತೈದಿ ಅಂತ ಬರದಾಂವ ನಾನ್ರಿ. ಚಂದ ಕಾಣಲಿ ಅಂತ ಬರದೆ. ತಪ್ಪಾತು."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಸಲ ತಾಯಿಯ ಮಡಿಲು ತೂಗಲು ಹೋದೆ. ಈ ಸಲ ಅಕ್ಕನ ಮಡಿಲಿಗೆ ಬೀಗ ಹಾಕಿದೆ. ನಿನ್ನನ್ನು ನಾನು ಏನು ಮಾಡಲಿ, ಬಸಪ್ಪ?" ಎಂದರು. ನನ್ನ ಕೈಯಿಂದ ಲೇಖಣಿ ಕಿತ್ತುಕೊಂಡು, ಯಾವ ಪದ ಎಂದು ಕೇಳಿ, ತಾವೇ ಅದರ ಮೇಲೆ ಗೀಟು ಎಳೆದರು. "ತುಂಬಿ ಅಮ್ಮಾ."

ಅಕ್ಕನನ್ನು ಕೈಹಿಡಿದು ಕರೆದು ತಂದವಳು ಕೊಳಕೂರದವಳೇ, ಅಕ್ಕನ ಓಣಿಯವಳು. ಅಕ್ಕ ಸೆರಗು ಒಡ್ಡಿದಳು. ಒಂಬತ್ತು ವರ್ಷದಿಂದ ಒಡ್ಡಿದ ರೂಢಿಯಿಲ್ಲ, ಮೊದಲ ಹಿಡಿಯಲ್ಲಿ ಅರ್ಧ ಕಾಳು ನೆಲಕ್ಕೆ ಬಿತ್ತು.

"ಇದು ನಿಮ್ಮಪ್ಪಂದು," ಎಂದಳು ಅವ್ವ. ನಾನು ಬರೆದೆ, ಒಂದು. "ಇದು ನಂದು. ಇದು ಮನಿ ದೇವರದು. ಇದು ನೀ ನಡೆಯಾಕ ಕಲ್ತ ಅಂಗಳದ್ದು. ಇದು ನಮ್ಮ ಬೂದಿ ಎಮ್ಮಿದು."

"ಎಮ್ಮೆಯದೂ ಇರ್ತದಾ?" ಎಂದರು ಅಫಜಲಪುರದ ಸಾಹೇಬರು.

"ಯಾಕಿಲ್ರಿ? ಹಾಲು ಕುಡದದ್ದು ಸುಳ್ಳೇನು?"

ಅವ್ವ ಬಾವಿಯದು ಹಾಕಿದಳು, ಬೇವಿನ ಗಿಡದ್ದು ಹಾಕಿದಳು, ತೀರಿಹೋದ ಅಜ್ಜಿಯದು ಹಾಕಿದಳು, "ಇದು ಆ ಮೂಳ ಬಸ್ಯಾಂದು" ಎಂದು ನನ್ನದೂ ಎರಡು ಹಿಡಿ ಹಾಕಿದಳು. ಆಮೇಲೆ ಕೊಳಕೂರದ ಹೆಂಗಸರು ಒಬ್ಬೊಬ್ಬರೇ ಬಂದರು. ಮೊದಲು ಅಂಜುತ್ತ ಬಂದರು, ಆಮೇಲೆ ಸಾಲು ಹಚ್ಚಿ ಬಂದರು. ನಲವತ್ತರ ತನಕ ನನಗೆ ಲೆಕ್ಕ ಸಿಕ್ಕಿತು. ಆಮೇಲೆ ಕಣ್ಣು ಮಂಜಾಗಿ ಹಾಳೆ ಕಾಣಲಿಲ್ಲ.

"ಸಾಕು ಅನ್ನೋದು ಯಾರು?" ಎಂದರು ಆಳಂದದ ಸಾಹೇಬರು, ಚೀಲ ಇಳಿಯುತ್ತಿರುವುದನ್ನು ನೋಡುತ್ತ.

"ಯಾರೂ ಅನ್ನಂಗಿಲ್ರಿ. ತುಂಬಿಸಿಕೊಳ್ಳಾಕಿ ಸಾಕು ಅಂದ್ರ ತವರಿಗೆ ಅವಮಾನ. ತುಂಬಾಕಿ ಸಾಕು ಅಂದ್ರ ಆಕಿ ತಾಯಿ ಅಲ್ಲ. ಸೆರಗೇ ಸಾಕು ಅಂದ್ರ ಆತು, ಇಲ್ಲಂದ್ರ ಇಲ್ಲ."

ಅವತ್ತಿನ ಠರಾವು ಒಂದೇ ಸಾಲು. ಉಡಿಗೆ ಅಳತೆ ಗೊತ್ತುಪಡಿಸುವುದು ಸಾಧ್ಯವಿಲ್ಲವೆಂದು ಮೂರೂ ತಾಲೂಕಿನವರು ಒಮ್ಮತದಿಂದ ಕಂಡುಕೊಂಡಿದ್ದಾರೆ. ನಾನೇ ಬರೆದೆ, ಈ ಸಲ ಒಂದು ಪದವನ್ನೂ ಸೇರಿಸದೆ. ನನ್ನ ಹನ್ನೆರಡು ಕಲಮಿನ ಒಪ್ಪಂದ ಏನಾಯಿತೆಂದು ಕೇಳಬೇಡಿ. ಎತ್ತುಗಳು ಯಾವ ಬಾವಿಯ ನೀರು ಕುಡಿಯಬೇಕೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಸಾಯಬಣ್ಣ ಅಕ್ಕನ ಜೊತೆ ಹರಿಗೋಲಿನಲ್ಲಿ ಬೇರೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ, ನನ್ನೊಬ್ಬನನ್ನು ಬಿಟ್ಟು. ದಂಡೆಗೆ ಇಳಿದವಳೇ ಅಕ್ಕ ಮನೆ ಕಡೆ ಹೋಗಲಿಲ್ಲ, ನೇರ ಹೊಲಕ್ಕೆ ನಡೆದಳು. ಬದುವಿನ ಮೇಲೆ ಮಲ್ಲಪ್ಪನ ಆಳು ಎತ್ತು ಕಟ್ಟಿಕೊಂಡು, ಕೂರಿಗೆ ಹೂಡಿ, ಬೀಜದ ಗಂಟು ಬಿಚ್ಚಿ ಕೂತಿದ್ದ. ವೈನಿಗೆ ಬೀಜ ಸಿಗುವುದಿಲ್ಲ ಎಂದು ಮಲ್ಲಪ್ಪ ಬೆಳಿಗ್ಗೆಯೇ ಅವನನ್ನು ಕಳಿಸಿಬಿಟ್ಟಿದ್ದ. ನಮ್ಮ ನಂತರದ ಸುತ್ತಿನಲ್ಲಿ ಹೊಳೆ ದಾಟಿ ಓಡುತ್ತ ಬಂದ ಮಲ್ಲಪ್ಪ ನಮ್ಮನ್ನು ಕಂಡು ಬದುವಿನ ಮೇಲೇ ನಿಂತ.

ಅಕ್ಕ ಎತ್ತಿನ ಬೆನ್ನು ತಟ್ಟಿದಳು. "ಎತ್ತ ತಂದು ಭಾಳ ಚಲೋ ಮಾಡಿದಿ ಮಲ್ಲಪ್ಪ. ನಿನ್ನ ಗಂಟು ಕಟ್ಟಿ ಮನಿಗೆ ಕಳಸು. ಕೂರಿಗಿ ನೀ ಹೊಡಿ, ಕಾಳು ನಾ ಬಿಡ್ತೇನಿ."

ಹೊಳೆ ದಾಟದೆ ಉಳಿದಿದ್ದ ಅರ್ಧ ಊರು ಬದುವಿನ ಮೇಲೆ ಬಂದು ನಿಂತಿತ್ತು. ಮಲ್ಲಪ್ಪ ಅವರ ಮುಖ ನೋಡಿದ, ರುಮಾಲು ಬಿಗಿ ಮಾಡಿಕೊಂಡ, ಬಾರುಕೋಲು ಹಿಡಿದ. ಎತ್ತು ಹೆಜ್ಜೆ ಇಟ್ಟವು. ಅಕ್ಕ ಕೂರಿಗೆಯ ಹಿಂದೆ ಬಾಗಿ ನಡೆಯುತ್ತ ಉಡಿಯಿಂದಲೇ ಹಿಡಿ ಹಿಡಿಯಾಗಿ ತೆಗೆದು ಕೂರಿಗೆಯ ಬಟ್ಟಲಿಗೆ ಕಾಳು ಬಿಡತೊಡಗಿದಳು. ಒಂದು ಸುತ್ತಿಗೇ ಬೆವರು ಇಳಿಯಿತು, ಟೊಂಕ ಬಾಗಿತು. ನೋಡಲಾಗದೆ ನಾನು ಪಕ್ಕದಲ್ಲೇ ಓಡಿದೆ.

"ಅಕ್ಕಾ, ಭಾಳ ಭಾರ ಆಗ್ಯಾದ. ಅರ್ಧ ನನ್ನ ಧೋತರಕ್ಕ ಹಾಕು, ನಾ ಹಿಡಕೋತೇನಿ."

ಅಕ್ಕ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಇರಲಿ ಬಿಡೋ. ಒಂಬತ್ತು ವರ್ಷದ್ದು ಒಮ್ಮೇ ತುಂಬ್ಯಾರ."